ಬಲಗಡೆಯ ಪುಟ

ಪೆನ್ನು ಹುಡುಕುತ್ತಿದ್ದೇನೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅಂಗಿಯ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಮಗಳು ತಲೆಗೆ ಸ್ನಾನ ಮಾಡುತ್ತಿದ್ದಳು, ಅಂದರೆ ಕಡಿಮೆಯೆಂದರೂ ಇಪ್ಪತ್ತು ನಿಮಿಷ. ಹೆಂಡತಿ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಕುರ್ಚಿಗೆ ನೇತುಹಾಕಿದ್ದ ಮಗಳ ಚೀಲದ ಜಿಪ್ಪನ್ನು ಅವನು ಸದ್ದಾಗದಂತೆ ಎಳೆದ. ಹತ್ತೊಂಬತ್ತು ವರ್ಷ ಬೇರೆಯವರ ಕಪಾಟು, ಬೇರೆಯವರ ಮೇಜಿನ ಅಡಿ, ಬೇರೆಯವರ ಮೂಟೆಗಳ ಸಂದು ತಡಕಿದ ಕೈ ಅದು. ತೆಗೆಯುವ ಮುಂಚೆ ಯಾವುದು ಎಲ್ಲಿತ್ತು ಎಂದು ಕಣ್ಣು ತಾನಾಗಿಯೇ ನೆನಪಿಟ್ಟುಕೊಂಡಿತು: ಬಾಚಣಿಗೆ ಅಡ್ಡ, ನೀಲಿ ಡಬ್ಬಿ ಮೂಲೆಗೆ, ಪುಸ್ತಕಗಳ ಬೆನ್ನು ಒಳಗಡೆಗೆ. ಅವನು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು, ಸಂತೆಬೀದಿಯಲ್ಲಿ ಅವನನ್ನು ತೂಕದ ಸಾಹೇಬ ಎನ್ನುತ್ತಿದ್ದರು. ಅವನು ಬೀದಿಯ ಒಂದು ತುದಿಗೆ ಕಾಲಿಟ್ಟರೆ ಇನ್ನೊಂದು ತುದಿಯ ಅಂಗಡಿಯವನಿಗೂ ಫೋನು ಹೋಗುತ್ತಿತ್ತು, ತಕ್ಕಡಿಯ ಅಡಿಗೆ ಅಂಟಿಸಿದ್ದು ಏನಿದ್ದರೂ ಮಾಯವಾಗುತ್ತಿತ್ತು, ಎಲ್ಲರ ಮುಖದಲ್ಲೂ ಒಂದೇ ಅಳತೆಯ ನಗು. ಆ ನಗುವಿಗೆ ಅವನು ಒಗ್ಗಿಹೋಗಿದ್ದ. ಈಚೆಗೆ ಅದೇ ನಗುವನ್ನು ಮನೆಯಲ್ಲೂ ಕಂಡಂತಾಗಿ, ಮೂರು ತಿಂಗಳಿಂದ ಅವನಿಗೆ ಸರಿಯಾಗಿ ನಿದ್ದೆಯಿರಲಿಲ್ಲ.

ಮಗಳು ಏನೋ ಮುಚ್ಚಿಡುತ್ತಿದ್ದಳು. ಅವನು ಕೋಣೆಗೆ ಹೋದ ಕೂಡಲೇ ತೆರೆದ ಪುಸ್ತಕದ ಮೇಲೆ ಇನ್ನೊಂದು ಪುಸ್ತಕ ಬರುತ್ತಿತ್ತು. ಏನಮ್ಮಾ ಓದ್ತಿದೀಯ ಎಂದರೆ, ಪಾಠ ಎನ್ನುತ್ತಿದ್ದಳು. ಯಾವ ಪಾಠ ಎಂದರೆ, ಧರ್ಮಪಾಠ. ಹದಿನಾರು ವರ್ಷದ ಹುಡುಗಿ ಬಾಗಿಲು ಹಾಕಿಕೊಂಡು ಧರ್ಮಪಾಠ ಓದುತ್ತಾಳೆ ಎಂದರೆ ಯಾರು ನಂಬುತ್ತಾರೆ? ಇನ್ನೂ ಹೆಚ್ಚಾಗಿ ಅವನ ಮನಸ್ಸಿಗೆ ಚುಚ್ಚಿದ್ದೆಂದರೆ ಅವಳು ಅವನನ್ನು ಏನೂ ಕೇಳದಿದ್ದದ್ದು. ಭಾನುವಾರ ಬೆಳಿಗ್ಗೆ ಮಂದಿರದ ಹಿಂದಿನ ಹಜಾರದಲ್ಲಿ ಪಾಠ ನಡೆಯುತ್ತಿತ್ತು. ಅದೇ ದಿನ ಮಧ್ಯಾಹ್ನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಅರ್ಧ ಗಂಟೆ ಕೂರಬೇಕೆಂದು ಪಾಠದ ಮೇಷ್ಟ್ರು ನಿಯಮ ಮಾಡಿದ್ದರು. ನೋಟುಬುಕ್ಕಿನ ಎಡಗಡೆಯ ಪುಟದಲ್ಲಿ ಮಗು ಒಂದು ಪ್ರಶ್ನೆ ಬರೆಯುವುದು, ಬಲಗಡೆಯ ಪುಟದಲ್ಲಿ ಹೆತ್ತವರು ತಮ್ಮ ಕೈಯಾರೆ ಉತ್ತರ ಬರೆದು ಸಹಿ ಹಾಕುವುದು. ‘ನಾವು ವಾರಕ್ಕೆ ಒಂದು ಗಂಟೆ ಹೇಳಿಕೊಡ್ತೀವಿ,’ ಎಂದಿದ್ದರು ಮೇಷ್ಟ್ರು ಮೊದಲ ಸಭೆಯಲ್ಲಿ, ‘ಮಿಕ್ಕ ನೂರ ಅರವತ್ತೇಳು ಗಂಟೆ ಮಕ್ಕಳು ನಿಮ್ಮನ್ನ ಓದ್ತಾವೆ.’ ಎಲ್ಲರೂ ತಲೆದೂಗಿದ್ದರು. ಅವನು ಮಾತ್ರ, ಈ ಮನುಷ್ಯ ಲೆಕ್ಕ ಹಾಕಿಕೊಂಡು ಬಂದಿದ್ದಾನೆ ಎಂದುಕೊಂಡಿದ್ದ. ದೇವರ ವಿಷಯದಲ್ಲಿ ಅವನಿಗೆ ತಕರಾರಿರಲಿಲ್ಲ. ದೇವರ ಪರವಾಗಿ ಮಾತಾಡುವವರನ್ನು ಕಂಡರೆ ಮಾತ್ರ, ತಕ್ಕಡಿಯನ್ನು ಗಿರಾಕಿಗೆ ಬೆನ್ನು ಮಾಡಿ ಇಟ್ಟುಕೊಂಡವನನ್ನು ಕಂಡಷ್ಟೇ ಗುಮಾನಿ. ಹೆಂಡತಿಗೆ ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಪಾಳಿ. ಹಾಗಾಗಿ ಕೂರುವುದು ಅವನ ಪಾಲಿಗೇ ಬಂತು. ಮೊದಲನೆಯ ವಾರ ಕೂತ. ಆಮೇಲೆ ಮಗಳು ಕರೆಯಲಿಲ್ಲ, ಅವನೂ ಬಿಟ್ಟ. ಬೈಯದೆ, ಬೇಡದೆ, ದೂರದೆ ಸುಮ್ಮನಿರುವವರ ಅಂಗಡಿಯನ್ನೇ ಮೊದಲು ನೋಡಬೇಕೆಂದು ಅವನು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳಿಕೊಡುತ್ತಿದ್ದ.

ನೋಟುಬುಕ್ಕು ಸಿಕ್ಕಿತು. ಮೊದಲ ಪುಟವನ್ನು ಕಂಡದ್ದೇ ಅವನ ಕಿವಿ ಬಿಸಿಯಾಯಿತು. ಎಡಗಡೆ ಮಗಳ ದುಂಡು ಅಕ್ಷರ: ಅಪ್ಪ, ನಿಮಗೆ ಯಾವತ್ತಾದರೂ ದೇವರ ಮೇಲೆ ಅನುಮಾನ ಬಂದಿತ್ತಾ? ಬಲಗಡೆ ಅವನ ಕೈ: ಪರಿಶೀಲಿಸಲಾಗಿದೆ. ಸರಿಯಾಗಿದೆ. ಕೆಳಗೆ ಸಹಿ, ತಾರೀಖು. ಅಂದು ಅವಳು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದಾಗ ಅವನು ಪೇಪರಿನಿಂದ ತಲೆಯೆತ್ತಿ, ‘ಇದು ನಿನ್ನ ಪ್ರಶ್ನೆನಾ, ಮೇಷ್ಟ್ರು ಕೇಳು ಅಂತ ಕಳಿಸಿದ್ದಾ?’ ಎಂದಿದ್ದ. ಅವಳು ಉತ್ತರಿಸಿರಲಿಲ್ಲ. ಉತ್ತರಿಸದಿದ್ದುದರಿಂದ ಮೇಷ್ಟ್ರದ್ದೇ ಎಂದು ಅವನಿಗೆ ಖಾತ್ರಿಯಾಗಿ, ಮನೆಯ ಒಳಗಿನ ವಿಷಯ ತಿಳಿದುಕೊಳ್ಳಲು ಮಕ್ಕಳನ್ನು ಬಿಡುತ್ತಾನಲ್ಲ ಎಂದು ಸಿಟ್ಟು ಬಂದು, ಕಚೇರಿಯ ಕಡತಕ್ಕೆ ಬರೆಯುವುದನ್ನೇ ಬರೆದುಕೊಟ್ಟಿದ್ದ. ಅವಳು ಅದನ್ನು ಓದಿ, ಥ್ಯಾಂಕ್ಸ್ ಅಪ್ಪ ಎಂದು ಎದ್ದುಹೋಗಿದ್ದಳು. ಅಷ್ಟು ವಿನಯ ಯಾಕೆಂದು ಅವನು ಆಮೇಲೆ ಎರಡು ದಿನ ಯೋಚಿಸಿದ್ದ.

ಪುಟ ತಿರುಗಿಸಿದ. ಎರಡನೆಯ ವಾರದ ಬಲಗಡೆಯ ಪುಟ ತುಂಬಿತ್ತು, ಅವನ ಅಕ್ಷರಗಳಲ್ಲಿ. ಮೂರನೆಯದು, ನಾಲ್ಕನೆಯದು, ಹತ್ತನೆಯದು. ಇಪ್ಪತ್ತೆರಡು ವಾರ ಅವನು ಬರೆಯದ ಉತ್ತರಗಳು ಅವನ ಕೈಯಲ್ಲಿ, ಕೊನೆಗೆ ಅವನ ಸಹಿ. ಕೆಳಗೆ ಮೇಷ್ಟ್ರ ಕೆಂಪು ಗೀರು. ಕಣ್ಣು ತನ್ನ ಕೆಲಸ ಬಿಡಲಿಲ್ಲ. ಅವನ ಸಹಿಯ ಕೊನೆಯ ಬಾಲ ಯಾವಾಗಲೂ ಗೆರೆಯಿಂದ ಜಾರಿ ಕೆಳಗೆ ಬೀಳುತ್ತಿತ್ತು. ವರ್ಷಗಟ್ಟಲೆ ಮುದ್ರೆಯ ಸುತ್ತಿಗೆ ಹಿಡಿದ ಹೆಬ್ಬೆರಳು ಅಲ್ಲಿ ಬರುವ ಹೊತ್ತಿಗೆ ನಡುಗುತ್ತಿತ್ತು. ಇಲ್ಲಿ ಬಾಲ ಜಾರಿರಲಿಲ್ಲ, ಚೆಂದವಾಗಿ ಬಳುಕಿ ನಿಂತಿತ್ತು. ತಕ್ಕಡಿಗೆ ಇಲಾಖೆ ಒತ್ತುವ ಸೀಸದ ಮುದ್ರೆಯಲ್ಲಿ ನಕಲಿ ಹಿಡಿಯುವುದು ಹೀಗೆಯೇ. ನಕಲಿ ಯಾವತ್ತೂ ಅಸಲಿಗಿಂತ ಅಚ್ಚುಕಟ್ಟು. ಅಸಲಿ ಒತ್ತುವವನಿಗೆ ಸಂಜೆಯೊಳಗೆ ನಲವತ್ತು ಅಂಗಡಿ ಮುಗಿಸಬೇಕು, ನಕಲಿ ಮಾಡುವವನಿಗೆ ಪುರುಸೊತ್ತಿದೆ, ಭಯವಿದೆ, ಒಂದು ಬಗೆಯ ಪ್ರೀತಿಯೂ ಇದೆ. ಭಾವಮೈದುನನ ಅಂಗಡಿಯ ತಕ್ಕಡಿಯಲ್ಲಿ ಅಂಥದೇ ಒಂದು ಚೆಂದದ ಮುದ್ರೆ ಕಂಡು, ನಿಂತ ಕಾಲಲ್ಲೇ ಅದನ್ನು ಒಡೆಸಿ ಹಾಕಿದ್ದ. ಬೇಡ ಭಾವ, ಎಲ್ಲರೂ ನೋಡ್ತಿದಾರೆ ಎಂದು ಭಾವಮೈದುನ ಕೈ ಹಿಡಿದುಕೊಂಡಿದ್ದ. ಆರು ವರ್ಷವಾಯಿತು, ಹೆಂಡತಿಯ ತಮ್ಮ ಈ ಮನೆಯ ಮೆಟ್ಟಿಲು ಹತ್ತಿಲ್ಲ. ಹೆಂಡತಿ ಅದರ ಬಗ್ಗೆ ಒಂದು ಮಾತೂ ಆಡಿಲ್ಲ, ತಕ್ಕಡಿ ಎಂಬ ಪದವನ್ನೇ ಮನೆಯಲ್ಲಿ ಬಳಸುವುದಿಲ್ಲ, ಅಷ್ಟೆ.

ಅವನು ನಿಂತೇ ಓದಿದ. ಪ್ರಾರ್ಥಿಸುವಾಗ ನಿಮಗೇನು ನೆನಪಾಗುತ್ತದೆ ಎಂಬ ಪ್ರಶ್ನೆಗೆ ಬಲಗಡೆಯ ಪುಟದ ಅಪ್ಪ ಬರೆದಿದ್ದ: ಮಗಳು ಹುಟ್ಟಿದ ದಿನ ದಾದಿ ಅವಳನ್ನು ತೂಕಕ್ಕೆ ಹಾಕಿದಾಗ, ಮೊದಲ ಸಲ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡದೆ ಕಣ್ಣು ಮುಚ್ಚಿಕೊಂಡೆ. ಸುಳ್ಳು. ಅವನು ಮುಳ್ಳು ನೋಡಿದ್ದ, ಆ ತಕ್ಕಡಿಗೆ ಆ ವರ್ಷದ ಮುದ್ರೆ ಬಿದ್ದಿಲ್ಲ ಎಂದು ದಾದಿಗೆ ಹೇಳಿಯೂ ಇದ್ದ. ಕ್ಷಮೆ ಎಂದರೇನು ಎಂಬುದಕ್ಕೆ: ಕಷ್ಟ. ನಾನು ಒಬ್ಬರ ಮನೆಗೆ ಹೋಗಿ ಕೇಳಬೇಕು, ಇನ್ನೂ ಹೋಗಿಲ್ಲ, ಮಗಳು ಜೊತೆಗೆ ಬಂದರೆ ಹೋಗುತ್ತೇನೆ. ಈ ಮನುಷ್ಯ ಯಾರು? ತನ್ನ ಹೆಸರಿನಲ್ಲಿ, ತನ್ನ ಅಕ್ಷರದಲ್ಲಿ ಇಷ್ಟು ಸಲೀಸಾಗಿ ಬಾಯಿ ಬಿಡುವವನು? ಅವನಿಗೆ ಹೊಟ್ಟೆಕಿಚ್ಚಾಯಿತು. ಒಬ್ಬ ಇಲ್ಲದ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಹುಚ್ಚು ಎಂದು ಗೊತ್ತಿದ್ದರೂ ಆಯಿತು. ಹದಿನೇಳನೆಯ ವಾರದ ಪುಟಕ್ಕೆ ಬಂದಾಗ ಮಾತ್ರ ಮಂಚದ ಅಂಚಿಗೆ ಕೂತ. ಅಲ್ಲಿ ಹೀಗಿತ್ತು: ನನಗೂ ಹದಿನಾರು ವರ್ಷವಾಗಿದ್ದಾಗ ಎಲ್ಲರೆದುರು ನಿಂತು ದೊಡ್ಡ ಪ್ರಾರ್ಥನೆ ಹೇಳಬೇಕಿತ್ತು. ಏಳು ಸಾಲು ಹೇಳಿದೆ. ಎಂಟನೆಯದು ಮರೆತುಹೋಯಿತು. ತಲೆಯೆತ್ತಿ ನೋಡಿದೆ. ನನ್ನ ಅಪ್ಪ ಎದ್ದು ನಿಂತು ಎಂಟನೆಯ ಸಾಲು ಹೇಳಿದರು, ನಾನು ಅವರ ಹಿಂದೆಯೇ ಹೇಳಿದೆ. ಆವತ್ತಿನಿಂದ ನನಗೆ ನಂಬಿಕೆ.

ಏಳು ಸಾಲಿನವರೆಗೆ ಎಲ್ಲವೂ ನಿಜ. ತಲೆಯೆತ್ತಿ ನೋಡಿದ್ದೂ ನಿಜ. ಮೂರನೆಯ ಸಾಲಿನ ಕುರ್ಚಿ ಖಾಲಿಯಿತ್ತು. ಅಪ್ಪ ಬೆನ್ನಷ್ಟೇ ಕಾಣಿಸುವಂತೆ ಬಾಗಿಲ ಹತ್ತಿರ ಹೋಗಿಬಿಟ್ಟಿದ್ದರು, ಕಂದು ಬಣ್ಣದ ಕೋಟಿನ ಬೆನ್ನು. ಮನೆಯಲ್ಲಿ ಅವರು ಆ ಮಾತು ಎತ್ತಲಿಲ್ಲ, ಸಾಯುವವರೆಗೂ ಎತ್ತಲಿಲ್ಲ. ಇಷ್ಟನ್ನು ಅವನು ಒಬ್ಬಳಿಗೆ ಮಾತ್ರ ಹೇಳಿದ್ದ, ಅದೂ ಹದಿನೆಂಟು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಬಸ್ಸು ತಪ್ಪಿ ಇಬ್ಬರೇ ನಿಲ್ದಾಣದಲ್ಲಿ ಕೂತಿದ್ದಾಗ. ಹಾಗಾದರೆ ಅಮ್ಮ ಮಗಳು ಸೇರಿಕೊಂಡಿದ್ದಾರೆ. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಪುಸ್ತಕಗಳ ಬೆನ್ನು ಒಳಗಡೆಗೆ, ನೀಲಿ ಡಬ್ಬಿ ಮೂಲೆಗೆ, ಬಾಚಣಿಗೆ ಅಡ್ಡ. ಜಿಪ್ಪು ಎಳೆದು ಅವನು ಹೊರಗೆ ಬಂದ. ಬಾಗಿಲು ತೆರೆದು ತಲೆಗೆ ಟವೆಲು ಸುತ್ತಿಕೊಂಡು ಬಂದ ಮಗಳು ಅವನನ್ನು ನೋಡಿ, ‘ಏನಪ್ಪಾ?’ ಎಂದಳು. ‘ಪೆನ್ನು,’ ಎಂದ. ಅವಳು ಅವನ ಜೇಬು ನೋಡಿದಳು.

ಸಂಜೆ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಎದುರಿಗೆ ಕೂತು, ತಾನೂ ಒಂದು ದುಪ್ಪಟಿಯ ತುದಿ ಹಿಡಿದುಕೊಂಡ. ಹಾಗೆ ಅವನು ಕೂರುವವನಲ್ಲ. ಅವಳು ಒಮ್ಮೆ ನೋಡಿ ಇನ್ನೊಂದು ತುದಿ ಹಿಡಿದಳು.

‘ನಾನು ಚಿಕ್ಕವನಿದ್ದಾಗ ಪ್ರಾರ್ಥನೆ ಮರೆತದ್ದು, ಅಪ್ಪ ಎದ್ದು ಹೋಗಿದ್ದು. ಅದನ್ನ ಅವಳಿಗೆ ಹೇಳಿದ್ದು ನೀನಾ?’

‘ಕೇಳಿದ್ಲು, ಹೇಳಿದೆ. ಯಾಕೆ, ಹೇಳಬಾರದಿತ್ತಾ?’

‘ಎದ್ದು ಹೋದ್ರು ಅಂತಾನೇ ಹೇಳಿದ್ಯಾ?’

‘ಮತ್ತೆ? ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಪಾಪ, ಅಳು ಬಂತು ಅವಳಿಗೆ.’ ಅವಳು ದುಪ್ಪಟಿಯನ್ನು ಎಳೆದು ಮಡಿಕೆ ಕೂಡಿಸಿದಳು. ‘ರೀ, ನಿಮ್ಮಿಬ್ಬರ ಪುಸ್ತಕದಲ್ಲಿ ಏನು ಬರ್ಕೋತೀರಿ ಅಂತ ನಾನು ಯಾವತ್ತೂ ಇಣುಕಿಲ್ಲ. ಭಾನುವಾರ ನಾನು ಪಾಳಿಗೆ ಹೋದಾಗ ನೀವಿಬ್ರೂ ಕೂತ್ಕೋತೀರಲ್ಲ, ಅದೊಂದು ನೆನೆಸ್ಕೊಂಡ್ರೆ ಅಲ್ಲಿ ರಾಶಿ ರಾಶಿ ಬಟ್ಟೆ ಎಣಿಸೋವಾಗ್ಲೂ ಮನಸ್ಸು ಹಗುರಾಗಿರತ್ತೆ. ನೀವು ಹೀಗೆ ಕೂರ್ತೀರಿ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ ಬಿಡಿ.’

ಅವಳ ಮುಖವನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಹುಸಿ ಕಾಣಲಿಲ್ಲ. ಇವಳಿಗೆ ಗೊತ್ತಿಲ್ಲ. ಇಪ್ಪತ್ತೆರಡು ವಾರ ಭಾನುವಾರದ ಮಧ್ಯಾಹ್ನಗಳಲ್ಲಿ ಅವನು ಮುಖದ ಮೇಲೆ ಪೇಪರು ಹಾಕಿಕೊಂಡು ಮಲಗಿದ್ದ, ಒಳಗಿನ ಕೋಣೆಯಲ್ಲಿ ಮಗಳು ಒಬ್ಬಳೇ ಕೂತು ಅವನ ಹಳೆಯ ಸಹಿಗಳನ್ನು ಮುಂದಿಟ್ಟುಕೊಂಡು ಅಪ್ಪನನ್ನು ಬರೆಯುತ್ತಿದ್ದಳು. ಆಗ ಹೇಳಿಬಿಡಬಹುದಿತ್ತು. ‘ಹೂಂ, ಕೂತ್ಕೋತೀವಿ,’ ಎಂದ. ಅವಳು ಮಡಿಸಿದ ಬಟ್ಟೆಯ ಕಟ್ಟನ್ನು ಅವನ ಕೈಗೆ ಕೊಟ್ಟು ಕಪಾಟಿನಲ್ಲಿಡಿ ಎಂದಳು.

ಮರುದಿನ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಆರು ಸಾಲು. ಅವನು ಮೂರನೆಯ ಸಾಲಿನಲ್ಲಿ ಕೂರಲಿಲ್ಲ, ನಾಲ್ಕನೆಯದರಲ್ಲಿ ಕೂತ. ಮೇಲೆ ಒಂದು ಫ್ಯಾನು ತಿರುಗುವಾಗಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಮುಂದಿನ ತಿಂಗಳು ಸ್ವೀಕಾರದ ದಿನ. ಆ ದಿನ ಹದಿನಾರು ತುಂಬಿದ ಮಕ್ಕಳು ಅಪ್ಪ ಅಮ್ಮನ ಬೆನ್ನ ಹಿಂದಿನಿಂದಲ್ಲ, ತಮ್ಮ ಹೆಸರಿನಲ್ಲೇ ಸಮುದಾಯದೊಳಗೆ ಸೇರುತ್ತಾರೆ. ಮಗಳು ಅದಕ್ಕಾಗಿ ಎರಡು ವರ್ಷದಿಂದ ಕಾಯುತ್ತಿದ್ದಳು. ಇವತ್ತು ದೊಡ್ಡ ಪ್ರಾರ್ಥನೆ ತಪ್ಪಿಲ್ಲದೆ ಹೇಳಬೇಕು, ಮನೆಯಲ್ಲಿ ಪಾಠಕ್ಕೆ ಆಸರೆಯಿದೆ ಎಂದು ನೋಟುಬುಕ್ಕು ತೋರಿಸಬೇಕು, ಆಗಲೇ ಮೇಷ್ಟ್ರು ಪಟ್ಟಿಗೆ ಹೆಸರು ಸೇರಿಸುವುದು. ನೋಟುಬುಕ್ಕು ಸುಳ್ಳೆಂದು ಗೊತ್ತಾದರೆ ಇನ್ನೊಂದು ವರ್ಷ ಕಾಯಬೇಕು, ಅದೂ ಎಲ್ಲರ ಬಾಯಿಗೆ ಬಿದ್ದು. ಕಳೆದ ವರ್ಷ ಹಾಗೆ ಉಳಿದ ಹುಡುಗಿಯೊಬ್ಬಳು ಆಮೇಲೆ ಬರುವುದನ್ನೇ ಬಿಟ್ಟಳು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ರಾತ್ರಿಯಿಡೀ ಅವನೊಳಗಿನ ಇನ್ಸ್‌ಪೆಕ್ಟರು ಒಂದೇ ಮಾತು ಹೇಳುತ್ತಿದ್ದ: ಹೆಂಡತಿಯ ತಮ್ಮನದನ್ನು ಒಡೆದೆಯಲ್ಲ, ಮಗಳದನ್ನು ಬಿಡುತ್ತೀಯಾ?

ಮೇಷ್ಟ್ರು ಅವನನ್ನು ನೀರಿನ ಫಿಲ್ಟರಿನ ಹತ್ತಿರ ಕರೆದರು. ಸಣಕಲು ಮನುಷ್ಯ, ಮೊದಲು ಎಲ್ಲೋ ಜಮೀನು ಅಳೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ದಪ್ಪ ಕನ್ನಡಕದ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿದ್ದುದರಿಂದ ಅವರು ಏನು ನೋಡುತ್ತಿದ್ದಾರೆ ಎಂದು ಹೇಳುವುದು ಕಷ್ಟ.

‘ಸಾಹೇಬ್ರೇ, ನಿಮ್ಮ ಪುಟಗಳನ್ನ ನಾನು ಎರಡೆರಡು ಸಲ ಓದ್ತೀನಿ. ಮಿಕ್ಕವರದ್ದೆಲ್ಲ ಏನು, ಮಗು ಚೆನ್ನಾಗಿ ಕಲೀತಿದೆ, ಧನ್ಯವಾದ, ಮುಗೀತು. ನಿಮ್ಮದು ಹಾಗಲ್ಲ.’

‘ಏನೋ, ತೋಚಿದ್ದು,’ ಎಂದ ಅವನು.

‘ಒಂದೇ ಒಂದು ನನಗೆ ಬಗೆಹರಿದಿಲ್ಲ ನೋಡಿ. ಮೊದಲನೇ ವಾರ ಪರಿಶೀಲಿಸಲಾಗಿದೆ ಅಂತ ಬರೆದು ಬಿಟ್ಟಿದೀರಿ. ಎರಡನೇ ವಾರದಿಂದ ಬೇರೆ ಮನುಷ್ಯ. ಆ ಏಳು ದಿನದಲ್ಲಿ ಏನಾಯ್ತು?’ ಮೇಷ್ಟ್ರು ಲೋಟಕ್ಕೆ ನೀರು ಹಿಡಿದು ಅವನಿಗೇ ಕೊಟ್ಟರು. ‘ಎಲ್ಲಾ ನೀವೇ ಬರೆದದ್ದು ತಾನೆ?’

ಗೊತ್ತಿದೆ, ಈ ಮುದುಕನಿಗೆ ಎಲ್ಲವೂ ಗೊತ್ತಿದೆ, ಬಾಯಿ ಬಿಡಿಸುತ್ತಿದ್ದಾನೆ ಎಂದು ಅವನಿಗನ್ನಿಸಿತು. ಅವನೂ ಹೀಗೆಯೇ ಕೇಳುತ್ತಿದ್ದ: ಈ ಮುದ್ರೆ ಇಲಾಖೆಯವರೇ ಒತ್ತಿದ್ದು ತಾನೆ? ಹಾಗೆ ಕೇಳಿದಾಗ ಹೂಂ ಎಂದವರನ್ನು ಅವನು ಬಿಟ್ಟದ್ದಿಲ್ಲ. ಹಜಾರದ ಆ ಕಡೆ ಮಗಳು ಉಳಿದವರ ಜೊತೆ ನಿಂತಿದ್ದಳು, ಆದರೆ ಅವರ ಮಾತಿಗೆ ಕಿವಿಯಿರಲಿಲ್ಲ, ಕಣ್ಣು ಇಲ್ಲೇ ಇತ್ತು. ‘ನಾನೇ,’ ಎಂದ ಅವನು. ಹತ್ತೊಂಬತ್ತು ವರ್ಷದಲ್ಲಿ ಗೊತ್ತಿದ್ದೂ ಗೊತ್ತಿದ್ದೂ ದಾಟಿಸಿದ ಮೊದಲ ಸುಳ್ಳು ಮುದ್ರೆ. ಮನಸ್ಸು ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ‘ಸಂತೋಷ,’ ಎಂದರು ಮೇಷ್ಟ್ರು, ‘ಹಾಗಾದ್ರೆ ಇನ್ನೊಂದು ಪುಟ ಬಾಕಿ, ಇವತ್ತಿನದು. ಬುಧವಾರದೊಳಗೆ ಕೊಟ್ರೆ ಸಾಕು.’

ಮಗಳ ಸರದಿ ಆರನೆಯದು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಒಳ್ಳೆಯ ದನಿ, ಅಮ್ಮನದು. ಪಕ್ಕದಲ್ಲಿ ಹೆಂಡತಿ ತುಟಿ ಅಲ್ಲಾಡಿಸುತ್ತ ಅವಳ ಜೊತೆಗೇ ಹೋಗುತ್ತಿದ್ದಳು. ಅವನಿಗೆ ದೊಡ್ಡ ಪ್ರಾರ್ಥನೆಯ ಹನ್ನೆರಡು ಸಾಲುಗಳಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಉಳಿದದ್ದು ಎಂಟನೆಯದು ಮಾತ್ರ, ಅಂದು ಬಾಯಿಗೆ ಬಾರದೆ ಹೋದದ್ದು. ಅಂದು ಮನೆಗೆ ನಡೆದು ಹೋಗುವಾಗ ಅರ್ಧ ದಾರಿಯಲ್ಲಿ ಅದು ತಾನಾಗಿ ನೆನಪಾಗಿತ್ತು, ಆಮೇಲೆ ಮರೆಯಲೇ ಇಲ್ಲ. ಬಸ್ಸಿನಲ್ಲಿ, ಕಚೇರಿಯಲ್ಲಿ, ಹಿತ್ತಾಳೆಯ ತೂಕಗಳನ್ನು ಬೆವರು ತಾಗದಂತೆ ಬಟ್ಟೆಯಲ್ಲಿ ಹಿಡಿದು ಒಂದೊಂದಾಗಿ ಪೆಟ್ಟಿಗೆಗೆ ಇಡುವಾಗ, ಕರೆಯದೆ ಬಂದು ಹೋಗುತ್ತಿತ್ತು. ಮಗಳು ಏಳನೆಯ ಸಾಲು ಹೇಳಿದಳು: ನನ್ನ ಒಳಗನ್ನು ಬಲ್ಲವನೇ. ನಿಲ್ಲಿಸಿದಳು.

ಫ್ಯಾನು ಟಕ್ ಎಂದಿತು. ಎರಡು ಸಲ, ಮೂರು ಸಲ. ಅವಳು ಮೇಲೆ ನೋಡಲಿಲ್ಲ. ಮರೆತವರು ಮೇಲೆ ನೋಡುತ್ತಾರೆ, ಇಲ್ಲವೇ ನೆಲ ನೋಡುತ್ತಾರೆ. ಅವಳು ನೇರ ಅವನನ್ನೇ ನೋಡಿದಳು. ಅವನಿಗೆ ಹೊಳೆಯಿತು. ಸಂತೆಬೀದಿಯಲ್ಲಿ ಅವನೇ ಮಾಡುವ ಕೆಲಸವಲ್ಲವೇ ಇದು? ಕಚೇರಿಯ ಹೆಣ್ಣುಮಗಳೊಬ್ಬಳನ್ನು ಕೈಯಲ್ಲಿ ಚೀಲ ಕೊಟ್ಟು ಗಿರಾಕಿಯ ಹಾಗೆ ಕಳಿಸುವುದು, ಅಂಗಡಿಯವನು ತೂಗಿ ಕೊಟ್ಟದ್ದನ್ನು ಹೊರಗೆ ತಂದು ಮತ್ತೆ ತೂಗುವುದು. ಅದೇ ಸಾಲು, ಅದೇ ವಯಸ್ಸು, ಬೇಕೆಂದೇ ನಿಲ್ಲಿಸಿದ್ದಾಳೆ. ನಿನ್ನೆ ಚೀಲ ಮುಟ್ಟಿದ್ದು ಅವಳಿಗೆ ಗೊತ್ತಾಗಿದೆ, ಬಾಚಣಿಗೆ ಒಂದಿಷ್ಟು ಸರಿದಿರಬೇಕು. ನೀರಿನ ಫಿಲ್ಟರಿನ ಹತ್ತಿರ ನಡೆದದ್ದೂ ಅವರೆಲ್ಲ ಸೇರಿ ಮಾಡಿದ್ದು. ಎಲ್ಲರೆದುರು ಅಪ್ಪನನ್ನು ತಕ್ಕಡಿಗೆ ಹಾಕಿ ನೋಡುತ್ತಿದ್ದಾಳೆ. ಏಳುವುದಿಲ್ಲ ಎಂದುಕೊಂಡ. ಎಂಟನೆಯ ಸಾಲು ನಾಲಿಗೆಯ ತುದಿಯಲ್ಲೇ ಇತ್ತು, ಹಲ್ಲು ಕಚ್ಚಿ ಹಿಡಿದ. ಆಗ ಅವಳ ಗದ್ದ ನಡುಗಿತು. ಬೆನ್ನ ಹಿಂದಿದ್ದ ಕೈ ಮುಂದೆ ಬಂದು ಉಡುಪಿನ ತೋಳಿನ ಅಂಚನ್ನು ತಿರುಚತೊಡಗಿತು, ನಾಲ್ಕು ವರ್ಷದವಳಿದ್ದಾಗ ಆಸ್ಪತ್ರೆಯಲ್ಲಿ ಸೂಜಿ ನೋಡಿ ತಿರುಚಿದ ಹಾಗೆ. ಮರೆತಿದ್ದಳು. ನಿಜವಾಗಿಯೂ ಮರೆತಿದ್ದಳು. ಅವನು ಎದ್ದ. ಕುರ್ಚಿಯ ಕಾಲು ಮುಂದಿನ ಕುರ್ಚಿಗೆ ಸಿಕ್ಕಿಕೊಂಡು ಅರ್ಧಕ್ಕೇ ನಿಂತ, ಬಾಯಿ ತೆರೆದ. ಅಷ್ಟರಲ್ಲಿ ಮುಂದಿನಿಂದ ಮೇಷ್ಟ್ರ ಮೆಲುದನಿ ಬಂತು: ನಿನ್ನಿಂದ ಬಚ್ಚಿಟ್ಟದ್ದನ್ನೂ ನೀನೇ ಕಾಯಿ. ಮಗಳು ಅದನ್ನು ಹಿಡಿದುಕೊಂಡು ಮುಂದಕ್ಕೆ ಹೋದಳು, ಅವಳ ಕಣ್ಣು ಈಗ ಮೇಷ್ಟ್ರ ಮೇಲಿತ್ತು. ‘ಸ್ವಲ್ಪ ಕೂತ್ಕೊಳ್ಳಿ, ಕಾಣಿಸ್ತಿಲ್ಲ,’ ಎಂದು ಹಿಂದಿನ ಸಾಲಿನ ಹೆಂಗಸು ಅವನ ಅಂಗಿ ಜಗ್ಗಿದಳು. ಅವನು ಕೂತ.

ಹೆಂಡತಿ ಅಲ್ಲಿಂದಲೇ ಪಾಳಿಗೆ ಹೋದಳು, ಹೋಗುವಾಗ ಮಗಳ ಕೆನ್ನೆ ತಟ್ಟಿ, ಒಂದು ಸಾಲು ತಾನೆ, ಮೇಷ್ಟ್ರು ಏನೂ ಅನ್ಕೊಳ್ಳಲ್ಲ ಎಂದಳು. ಅಪ್ಪ ಮಗಳು ಬಿಸಿಲಲ್ಲಿ ನಡೆದರು. ಭಾನುವಾರವಾದ್ದರಿಂದ ಅಂಗಡಿಗಳು ಮುಚ್ಚಿದ್ದವು, ಆದರೂ ಅವನ ಕಣ್ಣು ಮುಚ್ಚಿದ ಬಾಗಿಲುಗಳ ಮೇಲೇ ಓಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ‘ನಿಜವಾಗ್ಲೂ ಮರೆತೋಯ್ತಾ?’ ಎಂದ. ಕೇಳಬಾರದೆಂದುಕೊಂಡಿದ್ದ.

‘ಹೂಂ.’

‘ಅದೇ ಜಾಗದಲ್ಲಾ?’

‘ಅದೇ ಜಾಗ ಅಂತಾನೇ ಮರೆತದ್ದು.’ ಅವಳು ಚಪ್ಪಲಿಯಲ್ಲಿ ಸೇರಿದ ಕಲ್ಲನ್ನು ಒದರಲು ಒಂದು ಕಾಲಲ್ಲಿ ನಿಂತಳು, ಬೀಳದಿರಲು ಅವನ ತೋಳು ಹಿಡಿಯಹೋಗಿ ಗೋಡೆ ಹಿಡಿದಳು. ‘ನೀವು ಅಲ್ಲೇ ಮರೆತದ್ದು ಅಂತ ಅಮ್ಮ ಹೇಳಿದ್ಲು. ಆವತ್ತಿಂದ ಆ ಸಾಲು ಬಂದ್ರೆ ಸಾಕು, ನಿಮ್ಮ ನೆನಪಾಗತ್ತೆ. ಹಿಂದಿನದೂ ಮುಂದಿನದೂ ಹೋಗಿಬಿಡತ್ತೆ.’ ಸ್ವಲ್ಪ ನಡೆದ ಮೇಲೆ ಮತ್ತೆ, ‘ನೀವು ಎದ್ರಿ, ಅಲ್ವಾ? ಎದ್ದ ಹಾಗೆ ಕಾಣಿಸ್ತು,’ ಎಂದಳು.

‘ಎದ್ದೆ,’ ಎಂದ. ಅವಳು ನಕ್ಕಳು. ಅಂಗಡಿಯವರ ನಗುವಲ್ಲ. ಅದನ್ನು ನೋಡಲಾಗದೆ ಅವನು ಬೀಗದ ಕೈಗಾಗಿ ಜೇಬು ತಡಕಿದ, ಮನೆ ಇನ್ನೂ ಎರಡು ಬೀದಿ ಆಚೆಗಿತ್ತು.

ಊಟವಾದ ಮೇಲೆ ಪೇಪರು ಹರಡಿಕೊಂಡ, ಓದಲಾಗಲಿಲ್ಲ. ಒಳಗಿನ ಕೋಣೆಯ ಬಾಗಿಲು ಹಾಕಿತ್ತು. ಅವನು ಎದ್ದು, ಬೇಕೆಂದೇ ಚಪ್ಪಲಿಯ ಸದ್ದು ಮಾಡುತ್ತ ಹೋಗಿ, ಬಾಗಿಲು ತಟ್ಟಿ ತೆರೆದ. ಅವಳು ನೋಟುಬುಕ್ಕಿನ ಮೇಲೆ ಕೈ ಅಡ್ಡ ಇಟ್ಟಳು.

‘ಕೈ ತೆಗಿ. ನಿನ್ನೆ ಎಲ್ಲಾ ಓದಿದೀನಿ.’

ಅವಳು ಕೈ ತೆಗೆದಳು. ‘ಗೊತ್ತು,’ ಎಂದಳು, ‘ಪುಸ್ತಕ ಎಲ್ಲಾ ಸರಿಯಾಗೇ ಇಟ್ಟಿದ್ರಿ. ನಾನು ಅಷ್ಟು ನೀಟಾಗಿ ಇಡಲ್ಲ.’ ಆಮೇಲೆ, ‘ಮೇಷ್ಟ್ರಿಗೆ ಹೇಳಿಬಿಟ್ರಾ?’

‘ನಾನೇ ಬರೆದದ್ದು ಅಂದೆ.’

‘ಯಾಕೆ?’

ಅವಳು ಕೃತಜ್ಞತೆಯಿಂದ ಕೇಳಲಿಲ್ಲ. ಕಣ್ಣು ಕಿರಿದು ಮಾಡಿ, ತಲೆ ಒಂದಿಷ್ಟು ವಾಲಿಸಿ, ಇದರಲ್ಲಿ ಇವರದೇನು ಮಸಲತ್ತು ಎಂದು ಹುಡುಕುವಂತೆ ನೋಡಿದಳು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು, ಗಡ್ಡ ಹೆರೆಯುವಾಗ ದಿನಾ ಕನ್ನಡಿಯಲ್ಲಿ ಕಾಣುವುದೇ ಅದು. ಇವಳಿಗೆ ತಾನು ಕಲಿಸಿದ ಧರ್ಮ ಇದೊಂದೇ ಎಂದು ಅನ್ನಿಸಿ ಅವನಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ನೋಟುಬುಕ್ಕನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಎಡಗಡೆ, ಮೇಷ್ಟ್ರು ಎಲ್ಲರಿಗೂ ಕೊಟ್ಟ ಕೊನೆಯ ಪ್ರಶ್ನೆ: ಇವತ್ತು ನಿಮ್ಮ ಮಗು ಎದ್ದು ನಿಂತಾಗ ನೀವೇನು ಮಾಡಿದಿರಿ? ಬಲಗಡೆ ಅವನ ಅಕ್ಷರ, ಶಾಯಿ ಇನ್ನೂ ಒಣಗಿರಲಿಲ್ಲ: ಮಗಳು ಮರೆತಾಗ ನಾನು ಎದ್ದು ನಿಂತು ಮುಂದಿನ ಸಾಲು ಹೇಳಿಕೊಟ್ಟೆ. ಸಹಿ ಒಂದು ಬಾಕಿ.

ಅವನು ಜೇಬಿನಿಂದ ಪೆನ್ನು ತೆಗೆದ. ಕಚೇರಿಯಲ್ಲಿ ತಪ್ಪನ್ನು ಉಜ್ಜಿ ಅಳಿಸುವಂತಿಲ್ಲ, ಅಡಿಯಲ್ಲಿದ್ದದ್ದು ಓದಲು ಸಿಗುವಂತೆ ಒಂದೇ ಗೆರೆ ಎಳೆಯಬೇಕು. ಹಾಗೆಯೇ ಎಳೆದ. ಕೆಳಗೆ ಬರೆದ: ಮುಂದಿನ ಸಾಲು ನನಗೆ ಗೊತ್ತಿತ್ತು. ಮಗಳು ಬೇಕೆಂದೇ ನಿಲ್ಲಿಸಿದ್ದಾಳೆ ಎಂದು ಅನುಮಾನಪಟ್ಟೆ. ತಡವಾಗಿ ಎದ್ದೆ. ಸಹಿ ಮಾಡಿದ. ಬಾಲ ಗೆರೆಯಿಂದ ಜಾರಿ ತಾರೀಖಿನ ಮೇಲೆ ಬಿತ್ತು.

ಅವಳು ಓದಿದಳು. ಒಂದೊಂದು ಪದದ ಕೆಳಗೂ ಬೆರಳು ಹೋಯಿತು. ತಡವಾಗಿ ಎಂಬಲ್ಲಿ ನಿಂತಿತು.

‘ಮೇಷ್ಟ್ರು ಒಂದೇ ನೋಟಕ್ಕೆ ಕಂಡುಹಿಡೀತಾರೆ ಅಪ್ಪ. ಇದು ಬೇರೆ ಕೈ.’

‘ಹೂಂ.’

‘ನನ್ನ ಹೆಸರು ತೆಗೆದುಬಿಡ್ತಾರೆ.’

‘ತೆಗೀಬಹುದು. ನಾನು ಬಂದು ಹೇಳ್ತೀನಿ, ತಪ್ಪು ಯಾರದ್ದು ಅಂತ. ಆದ್ರೂ ತೆಗೀಬಹುದು.’ ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ‘ಹರಿದುಹಾಕಿ ಬೇರೆ ಬರೀಬೇಕು ಅನ್ನಿಸಿದ್ರೆ ಹರಿ. ನಿನ್ನ ಪುಸ್ತಕ.’

ಅವಳು ಪುಟದ ಮೂಲೆಯನ್ನು ಬೆರಳುಗಳ ನಡುವೆ ಹಿಡಿದಳು. ಆಮೇಲೆ ನೋಟುಬುಕ್ಕು ಮುಚ್ಚಿ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು, ಜೋರಾಗಿ.

‘ಮೊದಲನೇ ವಾರದ ಪ್ರಶ್ನೆ ಮೇಷ್ಟ್ರು ಕಳಿಸಿದ್ದಲ್ಲ,’ ಎಂದಳು. ‘ನಂದೇ.’

ಅವನು ಎದುರಿನ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಮಂಚಕ್ಕೆ ಸರಿಸಿ ಕೂತ. ‘ಹಾಗಾದ್ರೆ ಮತ್ತೆ ಕೇಳು.’

‘ನೀವು ಹೇಳೋದು ನಿಜಾನೋ ಸುಳ್ಳೋ ನಂಗೆ ಹೇಗೆ ಗೊತ್ತಾಗತ್ತೆ?’

‘ಗೊತ್ತಾಗಲ್ಲ,’ ಎಂದ ಅವನು. ‘ಆದ್ರೂ ಕೇಳು.’